ಮೂರು ಭಾಷೆಯಲ್ಲಿ ಒಂದು ಸುಳ್ಳು

ಹೋದ ಚಳಿಗಾಲ ನಿಲಂಗಾದಿಂದ ಉಮರಗಾಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಂದು ಕಿವಿ ಕೂತಿತ್ತು. ಕಿವಿಯ ಜೊತೆಗೆ ಒಬ್ಬ ತರುಣನೂ ಇದ್ದನೆನ್ನಿ. ಆದರೆ ಅರ್ಧ ದಾರಿಯತನಕ ನನ್ನ ಕಣ್ಣು ನೆಟ್ಟದ್ದು ಆ ಕಿವಿಯ ಮೇಲೇ. ಮುದುಡಿ, ಗಂಟುಗಂಟಾಗಿ, ಎಣ್ಣೆಗೆ ಬಿಟ್ಟಾಗ ಉಬ್ಬಲು ಮರೆತ ಕಡುಬಿನಂತೆ ತಲೆಗೆ ಅಂಟಿಕೊಂಡಿತ್ತು. ಕುಸ್ತಿ ಆಡುವವರಿಗೆ ಹೀಗಾಗುತ್ತದೆ. ಎದುರಾಳಿಯ ತೋಳು ತಲೆಯನ್ನು ಹಿಂಡಿ ಹಿಂಡಿ, ಕಿವಿಯೊಳಗಿನ ಮೃದು ಎಲುಬು ಮುರಿದು, ರಕ್ತ ಹೆಪ್ಪುಗಟ್ಟಿ ಹಾಗೇ ಗಟ್ಟಿಯಾಗಿಬಿಡುತ್ತದೆ. ಒಂದು ಕಾಲಕ್ಕೆ ನಮ್ಮ ಕಡೆ ಹೆಣ್ಣು ಕೊಡುವವರು ಇಂಥ ಕಿವಿ ಕಂಡರೆ ಸಾಕು, ವರನ ಮನೆಯಲ್ಲಿ ಹಾಲು ಬೆಣ್ಣೆಗೆ ಬರವಿಲ್ಲವೆಂದು ತಿಳಿಯುತ್ತಿದ್ದರು.

ತರುಣ ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದ. ಮಣ್ಣಿನ ಕುಸ್ತಿಯಲ್ಲ, ಪರದೇಶದ್ದು. ನಾಲ್ಕು ಕಡೆ ಹಗ್ಗ, ಹೊಳೆಯುವ ಚಡ್ಡಿ, ಮೇಜಿನ ಮೇಲೆ ಹರಿವಾಣದಷ್ಟು ದೊಡ್ಡ ಬಿಲ್ಲೆಯ ಸೊಂಟಪಟ್ಟಾ. ಒಬ್ಬರನ್ನೊಬ್ಬರು ಕೆಡವುತ್ತ ಹೋಗಿ ಕೊನೆಗೆ ಉಳಿದವನಿಗೆ ಅದು. ಇಯರ್‌ಫೋನಿನ ಒಂದು ತುದಿ ನೆಟ್ಟಗಿನ ಕಿವಿಯಲ್ಲಿತ್ತು, ಇನ್ನೊಂದು ಒಳಗೆ ಹೋಗಲು ದಾರಿಯಿಲ್ಲದೆ ಎದೆಯ ಮೇಲೆ ಜೋತಾಡುತ್ತಿತ್ತು. ನಾನು ಬಗ್ಗಿ ನೋಡುವುದು ಗೊತ್ತಾಗಿ ತಿರುಗಿ ನಕ್ಕ.

"ಕಾಕಾ, ಹೇ ಸಗಳಂ ಖೋಟಂ ಅಸತಂ. ಪಣ ಕುಣಾಲಾ ಲಾಗತ ನಾಹೀ."

ಇದೆಲ್ಲ ಸುಳ್ಳಿನ ಆಟವಂತೆ, ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತು ಮಾಡಿರುತ್ತಾರಂತೆ, ಆದರೆ ಯಾರಿಗೂ ಪೆಟ್ಟಾಗುವುದಿಲ್ಲವಂತೆ. ನಾನು ಹೌದೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದೆ. ತೊಗರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

ನಿಮ್ಮಿಂದ ಮುಚ್ಚಿಡುವುದೇನು, ಅಂಥದೊಂದು ಆಟದಲ್ಲಿ ನಾನೂ ಇದ್ದೆ. ಚಡ್ಡಿ ಹಾಕಿಕೊಂಡು ಕಣಕ್ಕಿಳಿದಿದ್ದೆನೆಂದು ತಿಳಿಯಬೇಡಿ; ನನ್ನ ಮೈಕಟ್ಟು ನೋಡಿದವರು ಯಾರೂ ಆ ತಪ್ಪು ಮಾಡಲಾರರು. ನನ್ನ ಕೈಯಲ್ಲಿ ಇದ್ದದ್ದು ಮೈಕು.

ದೇವರು ನನಗೆ ದನಿ ಕೊಡುವಾಗ ಅಳತೆ ತಪ್ಪಿದ್ದ. ಚಿಕ್ಕಂದಿನಲ್ಲಿ ನಾನು ಮನೆಯೊಳಗಿಂದ ನೀರು ಕೇಳಿದರೆ ಓಣಿಯ ಮೂರನೆಯ ಮನೆಯವರು ತಂಬಿಗೆ ಹಿಡಿದು ಬರುತ್ತಿದ್ದರೆಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ನಮ್ಮೂರು ಕಾಸಾರಶಿರಸಿಯಲ್ಲಿ ಕಳೆದುಹೋದ ಎಮ್ಮೆಯ ಸುದ್ದಿಯಿರಲಿ, ಶಾಲೆಯ ಧ್ವಜವಂದನೆಯಿರಲಿ, ಮೈಕು ತಾನಾಗಿ ನನ್ನ ಹತ್ತಿರ ಬರುತ್ತಿತ್ತು. ಶಾಲೆಯ ಮಾಸ್ತರನಾಗಿ ನೌಕರಿಗೆ ಸೇರುವ ಮೊದಲು ಒಂದು ಚುನಾವಣೆಯಲ್ಲಿ ಬೆಳಗ್ಗೆ ಒಬ್ಬರ ಜೀಪಿನಲ್ಲಿಯೂ ಮಧ್ಯಾಹ್ನ ಅವರ ಎದುರಾಳಿಯ ಜೀಪಿನಲ್ಲಿಯೂ ಕೂತು ಅಷ್ಟೇ ಭಕ್ತಿಯಿಂದ ಕೂಗಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಉರ್ದು. ಗಡಿಸೀಮೆಯ ನಮ್ಮ ಕಡೆ ಇದು ಪಾಂಡಿತ್ಯವೆನಿಸುವುದಿಲ್ಲ. ಉಪ್ಪು ಮೆಣಸಿನಕಾಯಿ ತರಲು ಹೋದವನಿಗೂ ಇಷ್ಟು ಬೇಕು. ಆದರೆ ಮೂರನ್ನೂ ಮೈಕಿನಲ್ಲಿ ಗುಡುಗಿಸುವವನು ಸುತ್ತಲಿನ ಹಳ್ಳಿಗಳಿಗೆಲ್ಲ ನಾನೊಬ್ಬನೇ ಎಂದು ನನ್ನ ನಂಬಿಕೆಯಾಗಿತ್ತು.

ನನಗೆ ಇಪ್ಪತ್ತೇಳು ತುಂಬಿದ ವರ್ಷ, ಸುಗ್ಗಿ ಮುಗಿದ ಮೇಲೆ, ಉದಗೀರಕ್ಕೆ ಒಂದು ಫ್ರೀಸ್ಟೈಲ್ ಕುಸ್ತಿಯ ಕಂಪನಿ ಬಂತು. ಎಂಟು ಮಂದಿ ಪೈಲ್ವಾನರು, ಮೂರು ದಿನದ ಆಟ. ಸೋತವನು ಹೊರಗೆ, ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಕೊನೆಯ ದಿನ ಗೆದ್ದವನಿಗೆ ಚಾಂಪಿಯನ್ ಪಟ್ಟಾ. ಪೋಸ್ಟರಿನ ನಡುವೆ ಕರಿ ಮುಖವಾಡ ಹಾಕಿದ ಒಬ್ಬ ದೈತ್ಯನ ಚಿತ್ರ, ಕೆಳಗೆ 'ಲೋಖಂಡಿ ಮುಖವಟಾ, ರಶಿಯಾ', ಅಂದರೆ ಕಬ್ಬಿಣದ ಮುಖವಾಡ ಎಂದು ಬರೆದಿತ್ತು. ಕಂಪನಿಯ ಯಜಮಾನನನ್ನು ಎಲ್ಲರೂ ಮ್ಯಾನೇಜರ ಅನ್ನುತ್ತಿದ್ದರು. ಯಾರೋ ನನ್ನ ದನಿಯ ಕೀರ್ತಿ ಹೇಳಿ, ಆತ ನನ್ನನ್ನು ಕರೆಸಿಕೊಂಡ. ಒಂದೆರಡು ವಾಕ್ಯ ಹೇಳಿಸಿ ನೋಡಿ ತಲೆದೂಗಿದ. ಆಮೇಲೆ ಕೇಳಿದ: "ಎಂಟನೆಯವನು ಈ ಸೀಮೆಯವನೇ ಬೇಕು. ಜನ ಹೆಸರು ಕೇಳಿ ಬರಬೇಕು. ಅಂಥವನು ಯಾರಾದರೂ ಇದ್ದಾನೆಯೇ?"

ಇದ್ದ. ಗುಂಜೋಟಿಯ ಮಾಳಪ್ಪ. ಹೇಳಿದವನು ನಾನೇ.

ಮಾಳಪ್ಪನ ತಂದೆ ಅಮೋಗೆಪ್ಪ ಕುರಿಯವನು, ಬೀರಪ್ಪನ ಭಕ್ತ. ಪ್ರತಿವರ್ಷ ಜೋಳ ಕೊಯ್ದಾದ ಮೇಲೆ ಅವನ ಹಿಂಡು ಕಾಸಾರಶಿರಸಿಗೆ ಬಂದು ನಮ್ಮ ಹೊಲದಲ್ಲಿ ವಾರಗಟ್ಟಲೆ ಕೂಡುತ್ತಿತ್ತು. ನೆಲಕ್ಕೆ ಗೊಬ್ಬರ, ಕುರಿಗೆ ಮೇವು. ನಾನು ಚಡ್ಡಿ ಹಾಕುವ ಕಾಲದಿಂದ ಆ ಹಿಂಡಿನ ವಾಸನೆ ಬಂತೆಂದರೆ ನಮಗೆ ಹಬ್ಬ. ಅಮೋಗೆಪ್ಪ ಸ್ವತಃ ಹಳೆಯ ಪೈಲ್ವಾನ. ಓದು ಬಾರದು, ತಾಲೂಕು ಕಚೇರಿಯಿಂದ ಬಂದ ಕಾಗದಗಳನ್ನೆಲ್ಲ ರುಮಾಲಿನಲ್ಲಿ ಕಟ್ಟಿಕೊಂಡು ವರ್ಷಕ್ಕೊಮ್ಮೆ ನನ್ನ ಮುಂದೆ ಬಿಚ್ಚುತ್ತಿದ್ದ. ನಾನು ಓದಿ ಹೇಳಿದ್ದು ಅವನಿಗೆ ಕಾಗದದಲ್ಲಿ ಇದ್ದದ್ದಕ್ಕಿಂತ ಹೆಚ್ಚು.

ನಾನು ಗುಂಜೋಟಿಗೆ ಹೋಗಿ ವಿಷಯ ಹೇಳಿದಾಗ ಅಮೋಗೆಪ್ಪ ಮುಖ ಗಂಟು ಹಾಕಿದ.

"ಮಣ್ಣ ಇಲ್ಲದ ಕುಸ್ತಿ ಎಂಥಾದ್ದು ಮಾಸ್ತರ? ಹಗ್ಗಾ ಕಟ್ಟಿ ಆಡಸ್ಲಿಕ್ಕಿ ಅದೇನ್ ಎತ್ತೇನು?"

"ಕಾಲ ಬದಲಾಗ್ಯಾದ ಕಾಕಾ. ನಮ್ಮ ಮಾಳಪ್ಪ ರಶಿಯಾದಂವನ್ನ ಕೆಡವಿದರ ಪೂರಾ ಜಿಲ್ಲಾ ಮಾತಾಡ್ತದ."

ಅವನು ಒಂದಿಷ್ಟು ಹೊತ್ತು ಕಂಬಳಿಯ ಅಂಚು ತಿಕ್ಕುತ್ತ ಕೂತ. "ನೀ ಇದ್ದಿ ಅಂದ್ರ ನನಗ ಚಿಂತಿಲ್ಲ. ಕರ್ಕೊಂಡು ಹೋಗು" ಎಂದ. ಒಳಗೆ ಹಿಟ್ಟು ನಾದುತ್ತಿದ್ದ ಮಾಳಪ್ಪನ ತಾಯಿ ಲಾಯವ್ವ, "ಪರದೇಶದ ಮಂದಿ ಅಂತಾರ, ಮಗನ ಕೈಕಾಲ ಜ್ವಾಕಿ" ಎಂದಷ್ಟೇ ಅಂದಳು.

ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ ನನ್ನನ್ನು ಡೇರೆಯ ಹಿಂದೆ ಕರೆದ. ಉದಗೀರದ ಕರೆಂಟಿನ ಮೇಲೆ ಅವನಿಗೆ ಭರವಸೆ ಇರಲಿಲ್ಲ, ಹಾಗಾಗಿ ಆಟವೆಲ್ಲ ಹಗಲಿನಲ್ಲೇ. ಅಲ್ಲಿ ಹಗ್ಗದ ಮಂಚದ ಮೇಲೆ ರಶಿಯಾದ ದೈತ್ಯ ಮುಖವಾಡ ತೆಗೆದಿಟ್ಟು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ. ಐವತ್ತರ ಹತ್ತಿರದ ಮನುಷ್ಯ, ತಲೆಯಲ್ಲಿ ನರೆ, ಮೊಣಕಾಲಿಗೆ ಪಟ್ಟಿ. ನನ್ನನ್ನು ನೋಡಿ, "ಮಾಸ್ಟರ ಸಾಬ, ಥೋಡಾ ಪಾನಿ ದೇವ" ಎಂದ ಅಪ್ಪಟ ದಖನಿಯಲ್ಲಿ. ರಶಿಯಾ ಇಷ್ಟು ಹತ್ತಿರವಿದೆಯೆಂದು ನನಗೆ ಗೊತ್ತಿರಲಿಲ್ಲ. ನೀರಿನ ತಂಬಿಗೆ ಕೊಟ್ಟೆ.

ಮ್ಯಾನೇಜರ ಸುತ್ತುಬಳಸಿ ಮಾತಾಡುವವನಲ್ಲ. ಮಾಳಪ್ಪ ಮೊದಲ ಎರಡು ದಿನ ಗೆಲ್ಲುತ್ತಾನೆ, ಎದುರಿಗಿದ್ದವರು ತಾವಾಗಿ ಬೀಳುತ್ತಾರೆ. ಕೊನೆಯ ದಿನ ಲೋಖಂಡಿ ಮುಖವಟಾ ಗೆಲ್ಲಬೇಕು. ಪಟ್ಟಾ ಕಂಪನಿಯ ಜೊತೆ ಮುಂದಿನ ಊರಿಗೆ ಹೋಗಬೇಕು. "ನಿಮ್ಮ ಹುಡುಗನಿಗೆ ನೀವೇ ತಿಳಿಸಿ ಹೇಳಿಬಿಡಿ. ನಮ್ಮವರು ಹೇಳಿದರೆ ಸಿಟ್ಟಾಗಬಹುದು" ಎಂದ.

ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಮೊದಲ ದಿನ ಮಾಳಪ್ಪ ಗೆದ್ದು ಬಂದು ನನ್ನ ಪಕ್ಕ ಕೂತು, "ಮಾಸ್ತರ, ಆ ಪೈಲ್ವಾನಗ ಆರಾಮಿಲ್ಲ ಅನಸ್ತದರಿ. ಕೈಯಾಗ ಜೀವಾನೇ ಇರ್ಲಿಲ್ಲ. ಜರಾ ಹೋಗಿ ನೋಡ್ಕೊಂಡು ಬರ್ಲೇನು?" ಎಂದ. ಬಿದ್ದವನ ಆರೋಗ್ಯ ವಿಚಾರಿಸಲು ಹೊರಟವನಿಗೆ ಏನೆಂದು ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡೆ. ಎರಡನೆಯ ದಿನ ಮತ್ತೆ ಗೆದ್ದ. ಗುಂಜೋಟಿಯಿಂದ ಟ್ರಕ್ಕಿನಲ್ಲಿ ಬಂದ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಗದ್ದಲದಲ್ಲಿ ಹೇಳುವುದು ಹೇಗೆ?

ಇವೆಲ್ಲ ನಾನು ಆಗ ನನಗೇ ಹೇಳಿಕೊಂಡ ಕಾರಣಗಳು. ನಿಜ ಬೇರೆ. ಹೇಳಿದರೆ ಮಾಳಪ್ಪ ಎದ್ದು ಊರಿಗೆ ಹೋಗುತ್ತಿದ್ದ. ಅವನು ಹೋದರೆ ಜನ ಹೋಗುತ್ತಿದ್ದರು, ಜನ ಹೋದರೆ ಮೈಕು ಹೋಗುತ್ತಿತ್ತು. ಅಷ್ಟು ಮಂದಿ ಒಟ್ಟಿಗೆ ನನ್ನ ದನಿಗೆ ಹೋ ಎಂದದ್ದು ಅದೇ ಮೊದಲು. ಹೊಸದಾಗಿ ಮದುವೆಯಾಗಿದ್ದ ನನ್ನ ಹೆಂಡತಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬಂದು, "ಕುಸ್ತಿ ಏನೂ ಕಾಣಲಿಲ್ಲ, ನಿಮ್ಮ ದನಿ ಮಾತ್ರ ಚಂದ ಕೇಳ್ತು" ಎಂದಿದ್ದಳು. ಹೀಗಿರುವಾಗ ಸತ್ಯ ಹೇಳುವಷ್ಟು ದೊಡ್ಡ ಮನುಷ್ಯ ನಾನಾಗಿರಲಿಲ್ಲ. ಕಣಕ್ಕಿಳಿದ ಮೇಲೆ ಮುಖವಾಡದವನು ಹೇಗೂ ಇವನನ್ನು ಕೆಡವಬಹುದು, ಹೇಳುವ ಪ್ರಸಂಗವೇ ಬಾರದಿರಬಹುದು ಎಂದೂ ಆಸೆಪಟ್ಟೆ.

ಮೂರನೆಯ ದಿನ ಅಮೋಗೆಪ್ಪ ಬಂದ. ಮಗನ ಕುಸ್ತಿ ನೋಡಲು ಅವನು ಊರು ಬಿಟ್ಟು ಬರುವವನಲ್ಲ. ತನ್ನ ದೃಷ್ಟಿಯೇ ತಗಲುತ್ತದೆಂದು ಅವನ ಭಯ. ಆ ದಿನ ಒಗೆದ ಧೋತರ, ಹೊಸ ರುಮಾಲು, ಹೆಗಲ ಮೇಲೆ ಕಂಬಳಿ. ನಾನು ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಿಸಿದೆ. ಕುರ್ಚಿ ಬಿಟ್ಟು ಅದರ ಮುಂದೆ ನೆಲದ ಮೇಲೆ ಕೂತ.

ಕುಸ್ತಿ ಸುರುವಾಯಿತು. ಹತ್ತು ನಿಮಿಷದಲ್ಲಿ ಮಾಳಪ್ಪ ಆ ದೈತ್ಯನ ಸೊಂಟಕ್ಕೆ ಕೈಹಾಕಿ ಎತ್ತಿ, ತಿರುವಿ, ಬೆನ್ನು ಹಚ್ಚಿ ಕೆಡವಿದ. ಎರಡೂ ಭುಜ ನೆಲಕ್ಕಂಟಿದ್ದವು. ನಾನು ಹಗ್ಗದ ಪಕ್ಕದಲ್ಲೇ ನಿಂತಿದ್ದೆ. ನನ್ನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ರೆಫರಿ ನೆಲಕ್ಕೆ ಮೂರು ಸಲ ಕೈಬಡಿದು ಎಣಿಸಿದರೆ ಗೆಲುವು. ಒಂದು ಬಡಿದ. ಎರಡು ಬಡಿದ. ಮೂರನೆಯದಕ್ಕೆ ಕೈ ಮೇಲೆತ್ತಿದವನು ಹಾಗೇ ನಿಂತು ನನ್ನ ಕಡೆ ನೋಡಿದ. ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ, ಅವರಿಗೆ ನಾನು ಹೇಳಿದ್ದೇ ಕುಸ್ತಿ. ನಾನು ಮೈಕು ಎತ್ತಿದೆ.

"ಭುಜ ಇನ್ನೂ ಎದ್ದಾದ!" ಎಂದೆ. ಅದನ್ನೇ ಮರಾಠಿಯಲ್ಲಿ ಹೇಳಿದೆ. ಅದನ್ನೇ ದಖನಿಯಲ್ಲಿ ಹೇಳಿದೆ.

ಕೆಳಗಿದ್ದ ಮುಖವಾಡದವನು ಮಾಳಪ್ಪನ ಕಿವಿಯ ಹತ್ತಿರ ಏನೋ ಅಂದಂತಾಯಿತು. ಮಾಳಪ್ಪ ಹಿಡಿತ ಬಿಡದೆ ಕತ್ತು ತಿರುಗಿಸಿ ನನ್ನನ್ನು ನೋಡಿದ. ಆಮೇಲೆ ನಡೆದದ್ದನ್ನು ಮುಂದಿನ ಸಾಲಿನವರೆಲ್ಲ ಕಂಡರು. ಮಾಳಪ್ಪನ ತೋಳು ತಾನಾಗಿ ಸಡಿಲಾಯಿತು. ಅವನು ಕೈಬಿಟ್ಟ. ಮುಖವಾಡದವನು ಅವನನ್ನು ಮಗುವನ್ನು ಮಲಗಿಸಿದ ಹಾಗೆ ಹೊರಳಿಸಿ ಮೇಲೆ ಕೂತ. ರೆಫರಿ ಸರಸರನೆ ಮೂರು ಬಡಿದ. ನಾನು ಲೋಖಂಡಿ ಮುಖವಟಾನ ಹೆಸರನ್ನು ಮೂರು ಭಾಷೆಯಲ್ಲಿ ಕೂಗಿದೆ. ಕಲ್ಲು, ಚಪ್ಪಲಿ ಬಿದ್ದವು. ನಾನು ಮೇಜಿನ ಕೆಳಗೆ ಕೂತೆ. ಅಲ್ಲಿಂದ ಅಮೋಗೆಪ್ಪನ ಕಾಲು ಕಾಣುತ್ತಿದ್ದವು. ಅವು ನಿಧಾನವಾಗಿ ಎದ್ದು, ಯಾರನ್ನೂ ಕಾಯದೆ, ಬಸ್ ಸ್ಟ್ಯಾಂಡಿನ ಕಡೆ ನಡೆದವು.

ಮರುವರ್ಷ ಜೋಳ ಕೊಯ್ದಾದ ಮೇಲೆ ನಮ್ಮ ಹೊಲಕ್ಕೆ ಹಿಂಡು ಬರಲಿಲ್ಲ. ಅಪ್ಪ ಕೇಳಿದಾಗ, ಬೇರೆ ಕಡೆ ಮೇವು ಚೆನ್ನಾಗಿದ್ದೀತು ಎಂದೆ. ಅದರ ಮರುವರ್ಷವೂ ಬರಲಿಲ್ಲ. ನನಗೆ ನಿಲಂಗಾಕ್ಕೆ ವರ್ಗವಾಯಿತು. ಮಾಳಪ್ಪ ಕುಸ್ತಿ ಬಿಟ್ಟನೆಂದು ಕೇಳಿದೆ. ಒಂದು ದಿನ ಹೋಗಬೇಕು, ಹೋಗಿ ಹೇಳಬೇಕು ಎಂದು ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತಿದ್ದೆ. ಎಂಟು ವರ್ಷದ ಮೇಲೆ ಕಾಸಾರಶಿರಸಿಯ ಸಂತೆಯಲ್ಲಿ ಯಾರೋ, ಅಮೋಗೆಪ್ಪ ತೀರಿಕೊಂಡ ಎಂದರು. ಆಗಲೂ ಹೋಗಲಿಲ್ಲ. ಮಣ್ಣಿಗೆ ಹೋಗದವನು ಆಮೇಲೆ ಯಾವ ಮುಖ ಹೊತ್ತು ಹೋಗಬೇಕು ಎಂಬುದು ಹೊಸ ಕಾರಣವಾಯಿತು. ಹೋಗದಿರಲು ಕಾರಣ ಹುಡುಕುವುದರಲ್ಲಿ ನನ್ನಷ್ಟು ನುರಿತವರು ಕಡಿಮೆ. ಕೊನೆಕೊನೆಗೆ ಹೀಗೂ ಅನಿಸತೊಡಗಿತ್ತು: ಒಂದು ಆಟ ತಾನೆ, ಎಲ್ಲರೂ ಮರೆತಿರುತ್ತಾರೆ.

ಆ ಕಿವಿಯನ್ನು ಕಂಡ ದಿನ ಮನೆಗೆ ಬಂದು ಹೆಂಡತಿಗೆ ಮೊದಲ ಸಲ ಎಲ್ಲ ಹೇಳಿದೆ. ಅವಳು ತೊಗರಿ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. "ಇಷ್ಟು ದಿನ ಇದನ್ನ ಹೊಟ್ಯಾಗ ಇಟ್ಕೊಂಡು ಹೆಂಗ ಉಂಡ್ರಿ?" ಎಂದಳು. ಮೊರ ಬದಿಗಿಟ್ಟು, "ನಾಳೆ ಹೋಗಿ ಬರ್ರಿ" ಎಂದಳು.

ಗುಂಜೋಟಿಯಲ್ಲಿ ಮಾಳಪ್ಪನ ಮನೆ ತೋರಿಸಲು ಯಾರೂ ಬೇಕಾಗಲಿಲ್ಲ. ಅವನು ಹೊರಗೆ ಬೇವಿನ ಕೆಳಗೆ ಒಂದು ಕುರಿಯ ಗೊರಸು ಕತ್ತರಿಸುತ್ತಿದ್ದ. ಅವನಿಗೀಗ ಅರವತ್ತಾಗಿದೆ. ನನ್ನನ್ನು ನೋಡಿದ ಕೂಡಲೇ ಗುರುತಿಸಿದ.

"ಬರ್ರಿ ಮಾಸ್ತರ. ಕೂಡ್ರಿ."

ಚಹಾ ತರಿಸಿದ. ಮಕ್ಕಳ ಬಗ್ಗೆ ಕೇಳಿದ. ನಾನು ಬಸ್ಸಿನಲ್ಲಿ ಮೂರು ಸಲ ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಮಾಳಪ್ಪ, ಆವತ್ತು ಉದಗೀರದಾಗ..." ಎಂದಷ್ಟೇ ಅಂದೆ.

ಅವನು ಗೊರಸು ಬಿಟ್ಟು ಕೈ ಒರೆಸಿಕೊಂಡ. "ಆ ಮುಖವಾಡದಂವಾ ಏನಂದ ಗೊತ್ತದೇನ್ರಿ? 'ಛೋಡ್ ಬೇಟಾ, ನಾ ಬಿದ್ರ ನನ್ನ ಕೆಲಸ ಹೋಗ್ತದ. ನಿನಗ ಯಾರೂ ಹೇಳಿಲ್ಲೇನು? ಮಾಸ್ತರಗ ಹೇಳಿದ್ರಲ್ಲ' ಅಂದ. ಅದಕ್ಕೇ ನಿಮ್ಮ ಮಾರಿ ನೋಡ್ದೆ. ನೋಡಿದ ಕೂಡ್ಲೆ ಖರೆ ಅಂತ ತಿಳೀತು. ಪಾಪ, ವಯಸ್ಸಾದ ಮನಷ್ಯಾ. ಬಿಟ್ಟೆ."

ಕುರಿ ಎದ್ದು ಹೋಯಿತು. ಅವನು ಅದನ್ನು ಹಿಡಿಯಲು ಹೋಗಲಿಲ್ಲ.

"ನನಗ ಯಾಕ ಹೇಳಲಿಲ್ಲರಿ?"

"ನನಗ ಮೈಕ್ ಬೇಕಾಗಿತ್ತು ಮಾಳಪ್ಪ" ಎಂದೆ. ಇಷ್ಟು ವರ್ಷದಲ್ಲಿ ಆ ವಿಷಯವಾಗಿ ನಾನು ಆಡಿದ ನಿಜ ಅದೊಂದೇ ಇರಬೇಕು.

ಅವನು ತಲೆಯಾಡಿಸಿದ. ಸಿಟ್ಟಿನ ಗುರುತು ಕಾಣಲಿಲ್ಲ. "ಅದು ಹೋಗ್ಲಿ ಬಿಡ್ರಿ. ನಾ ಹೆಂಗರ ಇರ್ತಿದ್ದೆ. ನಮ್ಮಪ್ಪ ಪೈಲ್ವಾನ ಮನಷ್ಯಾ, ಅವಗ ಮೈಕ್ ಬೇಕಿಲ್ಲ. ಮಗಾ ತಾನಾಗೇ ಕೈ ಬಿಟ್ಟದ್ದು ಅಂವಾ ಕಣ್ಣಾರೆ ನೋಡಿದ. ಕುಸ್ತಿ ಮಾರ್ಕೊಂಡ್ಯಾ ಅಂದ. ನಿಮಗ ಮಾರಿ ತೋರಸ್ಲಿಕ್ಕಿ ನಾಚಿ ನಿಮ್ಮ ಹೊಲಕ್ಕ ಹಿಂಡು ತರೋದೂ ಬಿಟ್ಟ. ಎಂಟು ವರ್ಷ ನನ್ನ ಜತಿ ಕುರಿ ಬಗ್ಗಿ ಮಾತಾಡ್ದ, ಮಳಿ ಬಗ್ಗಿ ಮಾತಾಡ್ದ. ಬ್ಯಾರೆ ಒಂದ್ ಮಾತಿಲ್ಲ."

"ನೀ ಹೇಳಬೇಕಿತ್ತಲ್ಲೋ, ಹಿಂಗಿಂಗ ಆಯ್ತು ಅಂತ..."

"ಹೇಳಿದ್ನಲ್ಲ. ಕಾಲ ಹಿಡದು ಹೇಳಿದೆ. ಎಲ್ಲಾ ಮೊದಲೇ ಗೊತ್ತು ಮಾಡಿದ್ರು, ಮಾಸ್ತರಗೂ ಗೊತ್ತಿತ್ತು, ನನಗ ಗೊತ್ತಿರ್ಲಿಲ್ಲ ಅಂದೆ." ಮಾಳಪ್ಪ ನನ್ನ ಕಡೆ ತಿರುಗಿದ. "ಅಪ್ಪ ಏನಂದ ಅಂತೀರಿ? 'ಮಾಸ್ತರ ಅಂಥಾ ಮನಷ್ಯಾ ಅಲ್ಲ. ನಿನ್ನ ಪಾಪ ಅವರ ತಲಿ ಮ್ಯಾಲ ಹಾಕಬ್ಯಾಡ' ಅಂದ."

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ನೀವು ಒಂದ್ ಸಲ ಬಂದಿದ್ರ ಸಾಕಿತ್ತರಿ. ನಿಮ್ಮ ಮಾತ ಅಂವಾ ಕೇಳ್ತಿದ್ದ." ಅವನು ಎದ್ದ. "ಅವ್ವ ಇನ್ನೂ ಇದ್ದಾಳ. ಆಕಿಗರ ಹೇಳಿ ಹೋಗ್ರಿ."

ಲಾಯವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಂಬತ್ತು ದಾಟಿದೆ, ಕಣ್ಣು ಮಂದವಾಗಿದೆ, ನೆನಪು ಗಟ್ಟಿ. ಕಾಸಾರಶಿರಸಿಯ ಮಾಸ್ತರ ಬಂದಾರ ಎಂದು ಮಾಳಪ್ಪ ಹೇಳಿದರೆ, "ಯಾರು, ಕಾಗದ ಓದಾಂವಾ?" ಎಂದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತು ಮೊದಲಿನಿಂದ ಹೇಳಿದೆ. ಡೇರೆಯ ಹಿಂದೆ ಮ್ಯಾನೇಜರ ಹೇಳಿದ್ದು, ನಾನು ಮಾಳಪ್ಪನಿಗೆ ಹೇಳದೆ ಬಿಟ್ಟದ್ದು, ರೆಫರಿಯ ಎತ್ತಿದ ಕೈ, ನನ್ನ ಸುಳ್ಳು, ಮುಖವಾಡದವನು ಬೇಡಿಕೊಂಡದ್ದು, ಎಲ್ಲ. ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಎರಡು ಸಲ ಅವಳು, "ಜರಾ ಜೋರಿಲೆ ಹೇಳು" ಎನ್ನಬೇಕಾಯಿತು.

ಮುಗಿದ ಮೇಲೆ ಅವಳು ಕೇಳಿದಳು:

"ಹಂಗಾದ್ರ ನನ್ನ ಮಗಾ ಗೆದ್ದಿದ್ದನೇನು?"

"ಗೆದ್ದಿದ್ದ ಆಯಿ. ಎರಡೂ ಭುಜ ನೆಲಕ್ಕ ಹತ್ತಿದ್ದು. ನಾ ನೋಡೀನಿ."

ಅವಳು ಬಾಗಿಲ ಕಡೆ ಮುಖ ತಿರುಗಿಸಿದಳು. "ಮಾಳ್ಯಾ, ಕೇಳ್ದೇನು? ನೀ ಗೆದ್ದಿದ್ದಿಯಂತ."

ಹೊಸ್ತಿಲ ಮೇಲೆ ನಿಂತಿದ್ದ ಮಾಳಪ್ಪ, "ಹೂಂ ಅವ್ವ" ಎಂದ. ಬಿಸಿಲು ಬಂತು, ಕುರಿ ನೆರಳಿಗೆ ಹೊಡೀತೀನಿ ಎಂದು ಹೊರಟುಹೋದ.

ನಾನು ಎದ್ದೆ. ನಮ್ಮ ಸೀಮೆಯಲ್ಲಿ ಊಟದ ಹೊತ್ತಿಗೆ ಎದ್ದವರನ್ನು ಯಾರೂ ಹಾಗೇ ಬಿಡುವುದಿಲ್ಲ; ಬೈದಾದರೂ ಕೂಡಿಸುತ್ತಾರೆ. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಕಾಲಿಗೆ ಚಪ್ಪಲಿ ಹಾಕಿಕೊಳ್ಳುವುದನ್ನು ತಡ ಮಾಡಿದೆ. "ಬರ್ತೀನಿ ಆಯಿ" ಎಂದೆ.

ಲಾಯವ್ವ ಹೋಗಿ ಬಾ ಅನ್ನಲಿಲ್ಲ, ಕೂಡು ಅಂತಲೂ ಅನ್ನಲಿಲ್ಲ.